ಇನ್ನೂರ ನಲವತ್ತು ವ್ಯಾಟಿನ ವಿಮಾನ

"ದೋಣಿ ಹತ್ತಬಾರ್ದು ಅಂದ್ರಾ ಡಾಕ್ಟ್ರು? ಬೇಡ ಬಿಡು! ದೋಣಿ ಯಾರಿಗೆ ಬೇಕು? ನಾನು ನಿನ್ನನ್ನ ವಿಮಾನದಲ್ಲೇ ಕರ್ಕೊಂಡು ಹೋಗ್ತೀನಿ!"

ಆಂಬ್ರೋಸ್ ವಿಫೆನ್ ಈ ಘೋರ ಪ್ರತಿಜ್ಞೆ ಮಾಡಿದ್ದು ಅಡುಗೆಮನೆಯ ಮೇಜಿನ ಮುಂದೆ ನಿಂತು. ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಕಾಕಂಬಿ ಸವರಿದ ಬ್ರೆಡ್ಡು, ಕಾಲಿಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಉಣ್ಣೆಯ ಕಾಲುಚೀಲ. ವೈಮಾನಿಕನ ಲಕ್ಷಣ ಎಲ್ಲಿಯೂ ಇರಲಿಲ್ಲ. ಕಣ್ಣಲ್ಲಿ ಮಾತ್ರ ಆಗಲೇ ಆಕಾಶ ತುಂಬಿಕೊಂಡಿತ್ತು.

ಅವನ ಹೆಂಡತಿ ಲೋರೆಟ್ಟಾ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ವಿಮಾನ ಎಲ್ಲಿಟ್ಟಿದ್ದೀಯ? ಶೆಡ್ಡಿನಲ್ಲಾ?"

"ಕಂಪ್ಯೂಟರಿನಲ್ಲಿ!"

"ಹಾಗೆ ಹೇಳು. ನಾನೆಲ್ಲೋ ನಿಜ ಅಂದ್ಕೊಂಡು ಕೋಟು ಹುಡುಕೋಕೆ ಏಳ್ತಿದ್ದೆ."

ಮಾತು ಚುರುಕಾಗಿಯೇ ಇತ್ತು. ಆದರೆ ಆ ವಾರದಲ್ಲಿ ಅವಳು ಆಡಿದ ಮೊದಲ ಚುರುಕು ಮಾತು ಅದು. ಲೋರೆಟ್ಟಾ ಬೈದರೆ ಆಂಬ್ರೋಸನಿಗೆ ಹಸಿವು ಹೆಚ್ಚುತ್ತಿತ್ತು; ಅವಳು ಸುಮ್ಮನಾದರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಡಾಕ್ಟರ ಮಾತು ಕೇಳಿದಂದಿನಿಂದ ಅವಳು ಬೈದೇ ಇರಲಿಲ್ಲ.

ಲೋರೆಟ್ಟಾ ಹುಟ್ಟಿದ್ದು ನ್ಯೂಫೌಂಡ್‌ಲ್ಯಾಂಡಿನ ಪ್ಲಸೆನ್ಶಿಯಾ ಕೊಲ್ಲಿಯ ಒಂದು ಪುಟ್ಟ ದ್ವೀಪದಲ್ಲಿ, ಹೆಸರು ಲಿಟಲ್ ಗ್ಯಾನೆಟ್. ಅವಳಿನ್ನೂ ಎರಡು ಜಡೆಯ ಹುಡುಗಿಯಾಗಿದ್ದಾಗ ಸರಕಾರ, ಅಲ್ಲಿ ರಸ್ತೆಯಿಲ್ಲ, ವೈದ್ಯರಿಲ್ಲ, ಎಲ್ಲರೂ ಈಚೆ ದಡಕ್ಕೆ ಬನ್ನಿ ಎಂದಿತು. ಒಂದೇ ಬೇಸಿಗೆಯಲ್ಲಿ ದ್ವೀಪ ಬರಿದಾಯಿತು. ಅಂದಿನಿಂದ ಕೆಲವು ವರ್ಷಕ್ಕೊಮ್ಮೆ ಜುಲೈಯಲ್ಲಿ ಆ ಊರಿನವರೆಲ್ಲ ದೋಣಿ ಕಟ್ಟಿಕೊಂಡು ಅಲ್ಲಿಗೆ ಹೋಗಿ, ಸ್ಮಶಾನದ ಹುಲ್ಲು ಕೊಯ್ದು, ಬಂಡೆಯ ಮೇಲೆ ಕೂತು ಊಟ ಮಾಡಿ, ಅತ್ತು ನಕ್ಕು ಬರುತ್ತಾರೆ. ಈ ಸಮ್ಮೇಳನವನ್ನು ಲೋರೆಟ್ಟಾ ಒಂದು ಸಲವೂ ತಪ್ಪಿಸಿದವಳಲ್ಲ. ಈ ಸಲ ವಸಂತದಲ್ಲಿ ಅವಳ ಸೊಂಟದ ಕೀಲು ಬದಲಾಯಿಸಿದ್ದರು. ಕುಲುಕುವ ಸಣ್ಣ ದೋಣಿ ಸುತರಾಂ ಕೂಡದು ಎಂದು ಡಾಕ್ಟರ ಅಪ್ಪಣೆಯಾಗಿತ್ತು. ಆದರೂ ಅವಳು ಸಮ್ಮೇಳನದ ಊಟಕ್ಕೆ ಬೇಕಾದ್ದನ್ನೆಲ್ಲ ಅಣಿಮಾಡಿ ಶೆಡ್ಡಿನ ಫ್ರೀಜರಿನಲ್ಲಿ ತುಂಬುತ್ತಿದ್ದಳು. ತಾನು ಹೋಗದ ಊಟಕ್ಕೆ!

ಆಂಬ್ರೋಸ್ ಜೀವಮಾನವೆಲ್ಲ ಫೆರಿಯಲ್ಲಿ ಹಗ್ಗ ಎಸೆಯುವ ಕೆಲಸ ಮಾಡಿದವನು. ಕೈಯಲ್ಲಿ ಹಗ್ಗ, ತಲೆಯಲ್ಲಿ ಮೋಡ. ಮಂಜು ಕವಿದ ದಿನ ಎಲ್ಲರೂ ಮುಂದೇನಿದೆಯೆಂದು ಇಣುಕುತ್ತಿದ್ದರೆ ಇವನು ಮೇಲೆ ನೋಡುತ್ತಿದ್ದ. ಎಲ್ಲೋ ಬಹಳ ಎತ್ತರದಲ್ಲಿ ಒಂದು ವಿಮಾನ ಗೊರಗುಟ್ಟಿಕೊಂಡು ಹೋಗುವುದು ಕೇಳಿಸುತ್ತಿತ್ತು. ಈ ಬೂದು ಹತ್ತಿಯ ಮೇಲೆ, ಅಲ್ಲಿ, ಈಗ ಬಿಸಿಲು ಬಿದ್ದಿರಬೇಕು. ಬೆಳ್ಳಗೆ, ಹಾಸಿಗೆಯ ಹಾಗೆ, ಕೊನೆಯಿಲ್ಲದೆ ಹರಡಿರಬೇಕು. ಹೀಗೆ ಯೋಚಿಸುತ್ತ ಅವನು ಹಗ್ಗವನ್ನು ಎಷ್ಟೋ ಸಲ ದೋಣಿಕಟ್ಟೆಗೆ ಬದಲಾಗಿ ನೀರಿಗೇ ಎಸೆದದ್ದುಂಟು.

ಇಡೀ ಭೂಮಂಡಲವನ್ನೇ ಒಳಗಿಟ್ಟುಕೊಂಡ ವಿಮಾನದ ಆಟವೊಂದಿದೆ, ಬೇಕಾದ ಊರಿನ ಮೇಲೆ ಹಾರಬಹುದು ಎಂದು ಅವನಿಗೆ ತಿಳಿದದ್ದೇ ತಡ, ಪ್ರತಿಜ್ಞೆ ಹೊರಬಿತ್ತು. ಮನೆಯಲ್ಲಿ ಕಂಪ್ಯೂಟರ್ ಇತ್ತು. ಊರಿನ ಗ್ರಂಥಾಲಯದವರು ಹಳತಾಯಿತೆಂದು ಮಾರಿದ ಸಪೂರ ಪೆಟ್ಟಿಗೆ, ಬಹಳ ಸಂಭಾವಿತ. ಪುಸ್ತಕಗಳ ನಡುವೆ ಬೆಳೆದದ್ದರಿಂದಲೋ ಏನೋ, ಸದ್ದೇ ಮಾಡುತ್ತಿರಲಿಲ್ಲ.

ಆಟ ಹಾಕಿದರು. ವಿಮಾನ ಹೊರಟಿತು. ಹೊರಟಿತು ಅಂದರೆ, ಒಂದು ಚಿತ್ರ ಬಂತು. ಆಂಬ್ರೋಸ್ ಚಹಾ ಹೀರಿದ. ಇನ್ನೊಂದು ಚಿತ್ರ ಬಂತು.

"ಇದು ವಿಮಾನಾನಾ, ಮದುವೆ ಆಲ್ಬಮ್ಮಾ?" ಎಂದಳು ಲೋರೆಟ್ಟಾ.

ಉತ್ತರ ಹೇಳಲು ಗಾರ್ಲ್ಯಾಂಡ್ ಬಂದ. ಗಾರ್ಲ್ಯಾಂಡ್ ಲೋರೆಟ್ಟಾಳ ತಮ್ಮ, ಕಟ್ಟೆಯ ಬಳಿ ದೋಣಿಯ ಎಂಜಿನ್ ರಿಪೇರಿ ಮಾಡುವವನು. ಲೋಕದ ಸಕಲ ದುಃಖಕ್ಕೂ ಅವನ ಹತ್ತಿರ ಒಂದೇ ಔಷಧ: ಇನ್ನೂ ದೊಡ್ಡ ಎಂಜಿನ್.

"ಭಾವ, ಪೆಟ್ಟಿಗೆ ಚೆನ್ನಾಗಿದೆ. ಚಿತ್ರ ಬರೆಯೋ ಎಂಜಿನ್ನೇ ಇಲ್ಲ ಇದರಲ್ಲಿ! ಗ್ರಾಫಿಕ್ಸ್ ಕಾರ್ಡ್ ಬೇಕು."

"ಸಣ್ಣದೊಂದು ಸಿಕ್ಕಿದ್ರೆ..."

"ಸಣ್ಣದಾ?" ಗಾರ್ಲ್ಯಾಂಡ್ ಎದೆಯ ಮೇಲೆ ಕೈ ಇಟ್ಟುಕೊಂಡ. "ನಮ್ಮಕ್ಕನ್ನ ಊರಿಗೆ ಕರ್ಕೊಂಡು ಹೋಗೋದು ಸಣ್ಣ ಎಂಜಿನ್ನಲ್ಲಾ? ಜನ ಏನಂದಾರು?"

ಮರುವಾರ ಅವನು ಯಾರಿಂದಲೋ ಅಗ್ಗಕ್ಕೆ ಗಿಟ್ಟಿಸಿದ ಕಾರ್ಡನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸನ್ನು ತರುವ ಹಾಗೆ ಎತ್ತಿಕೊಂಡು ಬಂದ. ಕೂಸು ಭಾರಿಯಾಗಿತ್ತು! ಮೂರು ಫ್ಯಾನು, ಬೆನ್ನ ತುಂಬ ಲೋಹದ ಪಕ್ಕೆಲುಬು. ಸಪೂರ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟರೆ ಯಾವುದನ್ನು ಯಾವುದರೊಳಗೆ ಹಾಕಬೇಕೆಂಬ ಅನುಮಾನ ಬರುತ್ತಿತ್ತು.

"ಹಿಡಿಯಲ್ಲ," ಎಂದಳು ಲೋರೆಟ್ಟಾ, ದೂರದಿಂದಲೇ.

"ಹಿಡಿಸ್ತೀವಿ!" ಎಂದರು ಭಾವಮೈದುನರು ಒಕ್ಕೊರಲಿನಿಂದ.

ತಗಡು ಕತ್ತರಿ ಬಂತು. ಪೆಟ್ಟಿಗೆಯ ಮುಚ್ಚಳ ಹೋಯಿತು, ಪಕ್ಕದ ಗೋಡೆ ಹೋಯಿತು. ಕಾರ್ಡು ಅರ್ಧ ಒಳಗೆ, ಅರ್ಧ ಹೊರಗೆ ನಿಂತು, ಬೇಟೆಯಾಡಿ ಟ್ರಕ್ಕಿನ ಹಿಂದೆ ಹಾಕಿಕೊಂಡು ಬಂದ, ಕೋಣದಷ್ಟು ದೊಡ್ಡ ಮೂಸ್ ಜಿಂಕೆಯ ಕೊಂಬಿನ ಹಾಗೆ ಕಾಣಿಸಿತು. ಅದಕ್ಕೆ ಕರೆಂಟು ಕುಡಿಯಲು ಪ್ರತ್ಯೇಕ ತಂತಿ ಬೇಕಿತ್ತು. ಸಂಭಾವಿತ ಪೆಟ್ಟಿಗೆಯಲ್ಲಿ ಅಂಥ ತಂತಿ ಇರಲಿಲ್ಲ. ಗಾರ್ಲ್ಯಾಂಡ್ ಬೇರೆಲ್ಲಿಗೋ ಹೋಗುತ್ತಿದ್ದ ತಂತಿಯನ್ನು ಹಿಡಿದು ತಂದು ಜೋಡಿಸಿದ.

ಆಹಾ! ತೆರೆಯ ಮೇಲೆ ಬೆಳಗಾಯಿತು. ಓಡುದಾರಿ ಮಿನುಗಿತು. ಹುಲ್ಲು ಅಲುಗಿತು, ಒಂದೊಂದು ಎಸಳೂ! ಆಂಬ್ರೋಸ್ ವಿಮಾನ ನಡೆಸುವ ಜಾಯ್‌ಸ್ಟಿಕ್ ಕೋಲು ಹಿಡಿದ, ವಿಮಾನ ಓಡಿತು, ಮೂತಿ ಮೇಲೆತ್ತಿತು, ಫ್ಯಾನುಗಳು ಮೂರೂ ಬೊಬ್ಬಿರಿದವು...

ಟಪ್. ಕತ್ತಲೆ.

ಮತ್ತೆ ಹಚ್ಚಿದರು. ಓಡಿತು, ಎತ್ತಿತು, ಟಪ್. ನೆಲದ ಮೇಲೆ ಇದ್ದಷ್ಟು ಹೊತ್ತು ಪೆಟ್ಟಿಗೆಗೆ ಯಾವ ಕಾಯಿಲೆಯೂ ಇರಲಿಲ್ಲ. ಗಾಲಿ ನೆಲ ಬಿಟ್ಟ ಕೂಡಲೇ ಪ್ರಜ್ಞೆ ತಪ್ಪಿ ಬೀಳುತ್ತಿತ್ತು.

"ಅದಕ್ಕೆ ಎತ್ತರ ಅಂದ್ರೆ ಭಯ ಇರ್ಬೇಕು," ಎಂದಳು ಲೋರೆಟ್ಟಾ. ಹಾಗೆಂದು ಕೋಲೂರಿಕೊಂಡು ಚರ್ಚಿನ ಸಭಾಂಗಣಕ್ಕೆ, ಕೌದಿ ಹೊಲಿಯುವ ಹೆಂಗಸರ ಜೊತೆಗೆ ಹೊರಟಳು. ಅವಳು ಅತ್ತ ಹೋಗುತ್ತಲೇ ಇತ್ತ ಇಬ್ಬರು ವಿಜ್ಞಾನಿಗಳು ತಲೆಗೆ ತಲೆ ಕೊಟ್ಟರು.

"ಪವರ್ ಸಾಲದು ಭಾವ. ಸ್ಪಷ್ಟವಾಗಿದೆ."

"ಮನೆಗೆ ಬರೋ ಕರೆಂಟೇ ಕಡಿಮೆ ಅಂತೀಯಾ?"

"ಬರೋದು ಬರುತ್ತೆ. ಹಂಚಿ ಹೋಗ್ತಿದೆ! ಫ್ರಿಜ್ಜು ತಿನ್ನುತ್ತೆ, ನೀರಿನ ಹಂಡೆ ತಿನ್ನುತ್ತೆ, ಗಡಿಯಾರ ತಿನ್ನುತ್ತೆ. ಎಲ್ಲರ ಬಾಯಿ ಮುಚ್ಚಿಸಿದ್ರೆ ಉಳಿದದ್ದೆಲ್ಲ ಇದಕ್ಕೇ!"

ಆಂಬ್ರೋಸನಿಗೆ ಇದು ಪರಮಸತ್ಯವಾಗಿ ತೋರಿತು. ಇಬ್ಬರೂ ಮೆಟ್ಟಿಲ ಕೆಳಗಿನ ಸ್ವಿಚ್ಚಿನ ಪೆಟ್ಟಿಗೆ ತೆರೆದು, ಅಡುಗೆಮನೆಯದೊಂದನ್ನು ಬಿಟ್ಟು ಮಿಕ್ಕ ಎಲ್ಲದರ ತಲೆಯನ್ನೂ ಕೆಳಗೆ ತಗ್ಗಿಸಿದರು. ಒಲೆಯದು, ಹಂಡೆಯದು, ಮಲಗುವ ಕೋಣೆಯದು, ಶೆಡ್ಡಿನದು. ಅಡುಗೆಮನೆಯ ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತರು.

ಮನೆ ನಿಶ್ಶಬ್ದವಾಯಿತು. ಇಷ್ಟು ವರ್ಷ ಇಲ್ಲಿ ಏನೇನೋ ಗುಂಯ್‌ಗುಡುತ್ತಿತ್ತು ಎಂಬುದು ಅದು ನಿಂತಾಗಲೇ ಗೊತ್ತಾದದ್ದು. ಕಿಟಕಿಯ ಆಚೆ ಕೊಲ್ಲಿಯಿಂದ ಮಂಜು ಮೆಲ್ಲಗೆ ಮೇಲೇರಿ ಬಂದು ಬೇಲಿಯನ್ನು ಅಳಿಸಿತು, ಆಮೇಲೆ ಗೇಟನ್ನು. ಆಂಬ್ರೋಸ್ ಕೋಲು ಹಿಡಿದ. ವಿಮಾನ ಓಡಿತು. ಮೂತಿ ಎತ್ತಿತು. ಗಾಲಿ ನೆಲ ಬಿಟ್ಟಿತು! ಒಂದು ಕ್ಷಣ, ಒಂದೇ ಒಂದು ಕ್ಷಣ, ಕೆಳಗೆ ಸಮುದ್ರ ಹೊಳೆಯಿತು.

ಟಪ್.

ಆದರೆ ಆಂಬ್ರೋಸ್ ಇಳಿಯಲಿಲ್ಲ. ಗಾರ್ಲ್ಯಾಂಡ್ ಬಯ್ಯುತ್ತ ತಂತಿ ಅಲ್ಲಾಡಿಸುತ್ತಿದ್ದ. ಇವನು ಕಪ್ಪು ತೆರೆಯ ಎದುರು ಕಣ್ಣು ತೆರೆದುಕೊಂಡೇ ಹಾರುತ್ತಿದ್ದ. ಮಂಜನ್ನು ತೂರಿಕೊಂಡು ಮೇಲೆ ಬಂದ. ಅಲ್ಲಿ ಅವನೆಂದುಕೊಂಡ ಹಾಗೆಯೇ ಬಿಸಿಲಿತ್ತು. ಪಕ್ಕದ ಆಸನದಲ್ಲಿ ಲೋರೆಟ್ಟಾ, ಮಡಿಲಲ್ಲಿ ಹೆಣಿಗೆ. ವಿಮಾನದ ನೆರಳು ಬಿಳಿಯ ಹಾಸಿನ ಮೇಲೆ ಸಣ್ಣ ನಾಯಿಮರಿಯಂತೆ ಜೊತೆಜೊತೆಗೇ ಓಡಿ ಬರುತ್ತಿತ್ತು. "ಎಲ್ಲಿ ಇಳಿಸಲಿ?" ಎಂದು ಕೇಳಿದ. ಅವಳು ಕೈ ಚಾಚಿ...

"ಭಾವ! ಭಾವ! ಅಕ್ಕ ಬಂದ್ಲು!"

ಇಬ್ಬರೂ ಬಿದ್ದೆದ್ದು ಓಡಿ, ಫ್ರಿಜ್ಜಿನ ಪ್ಲಗ್ಗು ಚುಚ್ಚಿ, ಸಿಕ್ಕ ಸಿಕ್ಕ ಸ್ವಿಚ್ಚನ್ನೆಲ್ಲ ಮೇಲೆತ್ತಿದರು. ಲೋರೆಟ್ಟಾ ಒಳಗೆ ಬಂದಳು. ಒಲೆಯ ಮೇಲಿನ ಗಡಿಯಾರ ಕಣ್ಣು ಪಿಳಿಪಿಳಿಸುತ್ತಿತ್ತು.

"ಇದಕ್ಕೇನಾಯ್ತು?"

"ಕರೆಂಟು ಹೋಗಿತ್ತು," ಎಂದ ಆಂಬ್ರೋಸ್. ಸುಳ್ಳೇನಲ್ಲ. ಎಲ್ಲಿಗೆ ಹೋಗಿತ್ತು, ಯಾರು ಕಳಿಸಿದ್ದರು ಎಂದು ಅವಳು ಕೇಳಲಿಲ್ಲ.

ಎಲ್ಲ ಸ್ವಿಚ್ಚೂ ತಲೆಯೆತ್ತಿತ್ತು, ಶೆಡ್ಡಿನದೊಂದರ ಹೊರತು.

ಶನಿವಾರ ಬೆಳಗ್ಗೆ ಲೋರೆಟ್ಟಾ ಹಿತ್ತಲಿಗೆ ಹೋದವಳು ಶೆಡ್ಡಿನ ಮುಂದೆ ಗಕ್ಕನೆ ನಿಂತಳು. ಬಾಗಿಲ ಸಂದಿಯಿಂದ ಕೆಂಪು ನೀರು ಹರಿದು ಬರುತ್ತಿತ್ತು. ಭಾವಮೈದುನರು ಹಿಂದಿನ ದಿನ ತಂತಿಯ ವಿಷಯಕ್ಕೆ ಜಗಳವಾಡಿದ್ದರು.

"ಗಾರ್ಲ್ಯಾಂಡ್!" ಎಂದು ಕಿರುಚಿದಳು.

"ಏನಕ್ಕಾ?" ಎಂದು ಗಾರ್ಲ್ಯಾಂಡ್ ಅಡುಗೆಮನೆಯಿಂದ ಬಾಯಿ ತುಂಬ ಬ್ರೆಡ್ಡಿನೊಂದಿಗೆ ಇಣುಕಿದ.

ಆಮೇಲೆ ಬಾಗಿಲು ತೆರೆದಳು. ಕೊಲೆಯಲ್ಲ, ಕಾಡುಹಣ್ಣಿನ ಕಡುಬು! ಸಮ್ಮೇಳನದ ಕಡುಬಿಗೆಂದು ಇಟ್ಟಿದ್ದ ಹಣ್ಣೆಲ್ಲ ಕರಗಿ ಪ್ರವಾಹವಾಗಿತ್ತು. ಒಳಗೆ ಮೂಸ್ ಮಾಂಸ ಮೆತ್ತಗಾಗಿ, ಕಾಡ್ ಮೀನು ಈಜಲು ತಯಾರಾಗಿ, ಎಲ್ಲವೂ ತಣ್ಣಗಿದ್ದರೂ ಒಂದು ದಿನ ತಡೆದರೆ ಬೀದಿನಾಯಿಗೂ ಬೇಡ ಎಂಬ ಸ್ಥಿತಿ ತಲುಪಿತ್ತು.

ಆಂಬ್ರೋಸ್ ಬಂದು ನೋಡಿದ. ಅವನ ಮುಖ ಫ್ರೀಜರಿಗಿಂತ ಬೇಗ ಕರಗಿ ಇಳಿಯಿತು. "ನಾನು... ಕರೆಂಟನ್ನ ಒಂದು ಕಡೆ ಸೇರಿಸೋಣ ಅಂತ..."

"ಸೇರಿಸಿದ್ಯಲ್ಲ," ಎಂದಳು ಲೋರೆಟ್ಟಾ, "ಇಲ್ಲಿ ನೋಡು, ಎಲ್ಲಾ ಒಂದೇ ಕಡೆ ಸೇರಿದೆ."

ಆಮೇಲೆ ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಆಂಬ್ರೋಸ್ ಮಾತ್ರ ತಲೆ ತಗ್ಗಿಸಿ ನಿಂತು, ಮನಸ್ಸಿನೊಳಗೆ ಸಣ್ಣಗೆ ಸಂತೋಷಪಡುತ್ತಿದ್ದ. ಅಂತೂ ಬೈದಳು! ಅವನಿಗೆ ವಿಪರೀತ ಹಸಿವಾಯಿತು.

ಹಸಿವು ಉಪಯೋಗಕ್ಕೂ ಬಂತು. ಅದೆಲ್ಲವನ್ನೂ ಅಂದೇ ಬೇಯಿಸಿ ಅಂದೇ ತಿನ್ನಬೇಕಿತ್ತು. ಊರಿನಲ್ಲಿದ್ದ ಲಿಟಲ್ ಗ್ಯಾನೆಟ್ಟಿನವರಿಗೆಲ್ಲ ಹೇಳಿಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಅಂಗಳದ ತುಂಬ ಕುರ್ಚಿ. ಎಲ್ಲರಿಗಿಂತ ಹಿರಿಯ ಕ್ಲೆಮೆಂಟ್ ಪವರ್ ತಟ್ಟೆ ಹಿಡಿದುಕೊಂಡು ಕೇಳಿದ: "ಸಮ್ಮೇಳನದ ಊಟ ಈಗಲೇ ಯಾಕಮ್ಮ? ನಾನು ಅಲ್ಲೀ ತನಕ ಇರಲ್ಲ ಅಂತ ಯಾರಾದ್ರೂ ಹೇಳಿದ್ರಾ?"

"ಅದೆಲ್ಲ ಏನಿಲ್ಲ ಅಜ್ಜ," ಎಂದ ಗಾರ್ಲ್ಯಾಂಡ್, "ಎಲ್ಲಾ ಹಾಳಾಗಿದ್ದು ಪವರ್‌ನಿಂದ."

"ನಾನೇನೋ ಮಾಡ್ದೆ? ಈಗ ತಾನೆ ಬಂದು ಕೂತಿದ್ದೀನಿ!"

ಎಲ್ಲರೂ ಹೋದಮೇಲೆ, ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತ ಲೋರೆಟ್ಟಾ ಕೊಂಬಿನ ಕಂಪ್ಯೂಟರಿನ ಎದುರು ಬಂದು ಕೂತಳು. ಅವಳು ಮೀನಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವಳು. ಯಾವ ವಿಷಯವನ್ನೇ ಆಗಲಿ ಪಾತ್ರೆಯ ಕಡೆಯಿಂದ ನೋಡುವುದು ಅವಳ ಅಭ್ಯಾಸ.

"ಇದಕ್ಕೆ ಕರೆಂಟು ಹಂಚೋದು ಯಾವುದು? ತೋರ್ಸು."

ಆಂಬ್ರೋಸ್ ಮೂಲೆಯ ತಗಡಿನ ಡಬ್ಬಿ ತೋರಿಸಿದ. ಅದರ ಮೇಲೆ ಚೀಟಿ ಅಂಟಿಸಿತ್ತು. ಇನ್ನೂರ ನಲವತ್ತು ವ್ಯಾಟ್.

"ಗಾರ್ಲ್ಯಾಂಡ್ ತಂದ ಈ ಕೋಣ ಎಷ್ಟು ತಿನ್ನುತ್ತೆ?"

"ಅದೊಂದೇ... ಇನ್ನೂರ ಇಪ್ಪತ್ತು."

ಲೋರೆಟ್ಟಾ ಡಬ್ಬಿಯ ಚೀಟಿಯ ಮೇಲೆ ಬೆರಳಿಟ್ಟಳು. "ಆಂಬ್ರೋಸ್, ಇಡೀ ಕೊಳದ ನೀರು ಮನೆ ಬಾಗಿಲಿಗೆ ಬಂದ್ರೂ ನನ್ನ ಕೆಟಲಿನಲ್ಲಿ ಹಿಡಿಯೋದು ಕೆಟಲಿನಷ್ಟೇ. ನೀನು ಊರ ದೀಪ ಎಲ್ಲಾ ಆರಿಸಿದ್ರೂ ಈ ಡಬ್ಬಿ ಕೊಡೋದು ಇಷ್ಟೇ. ಇದರಲ್ಲಿ ಮನೆಯವರು ಉಣ್ಬೇಕು, ಆಮೇಲೆ ನೆಂಟ ಉಣ್ಬೇಕು. ನೀವು ಕರ್ಕೊಂಡು ಬಂದಿರೋ ನೆಂಟ ಒಬ್ಬನೇ ಪಾತ್ರೆ ಎತ್ತಿ ಕುಡೀತಾನೆ! ಅದೂ ಬೇರೆ ಪೈಪು ಹಾಕಿಸ್ಕೊಂಡು!"

"ಹಾಗಾದ್ರೆ ದೊಡ್ಡ ಡಬ್ಬಿ..."

"ಈ ಪೆಟ್ಟಿಗೇಲಿ ಅದು ಕೂರುತ್ತಾ?"

ಕೂರುತ್ತಿರಲಿಲ್ಲ. ಗ್ರಂಥಾಲಯದ ಪೆಟ್ಟಿಗೆಗೆ ತಕ್ಕ ಡಬ್ಬಿ ಅದೊಂದೇ.

"ಸರಿ. ಹಾಗಿದ್ರೆ ಮಿತವಾಗಿ ಉಣ್ಣೋ ನೆಂಟನ್ನ ಹುಡುಕು. ಗಿಡ್ಡ ಇರ್ಬೇಕು, ಬೇರೆ ತಂತಿ ಕೇಳ್ಬಾರ್ದು, ಕೂತ ಜಾಗದಲ್ಲೇ ಬಡಿಸಿದ್ದನ್ನ ಉಂಡು ಕೆಲಸ ಮಾಡ್ಬೇಕು."

ಮುಂದಿನ ಕೆಲವು ದಿನ ಆಂಬ್ರೋಸ್ ಕಾರ್ಡು ಹುಡುಕಿದ್ದು ಹೆಣ್ಣು ಹುಡುಕಿದ ಹಾಗಾಯಿತು. ಇದರ ರೂಪ ಚೆನ್ನ, ಹಸಿವು ಜಾಸ್ತಿ. ಅದಕ್ಕೆ ಹಸಿವು ಕಡಿಮೆ, ಎತ್ತರ ಜಾಸ್ತಿ. ಇನ್ನೊಂದು ಎಲ್ಲಾ ಸರಿ, ಬೆಲೆ ನೋಡಿದರೆ ನಿಜವಾದ ವಿಮಾನದ ಟಿಕೇಟೇ ಬರುತ್ತಿತ್ತು. ಅವನು ತೆರೆಯ ಮೇಲೆ ಫಳಫಳ ಹೊಳೆಯುವ ಫ್ಯಾನುಗಳ ಚಿತ್ರದ ಮುಂದೆ ಕೂತು ನಿಟ್ಟುಸಿರು ಬಿಟ್ಟಾಗಲೆಲ್ಲ ಹಿಂದಿನಿಂದ ದನಿ ಬರುತ್ತಿತ್ತು: "ಎಷ್ಟು ತಿನ್ನುತ್ತೆ?"

ಕೊನೆಗೆ ಅಂಚೆಯಲ್ಲಿ ಬಂತು. ಒಂದೇ ಪುಟ್ಟ ಫ್ಯಾನು, ಅಂಗೈಗಿಂತ ಸ್ವಲ್ಪ ಉದ್ದ. ಗಾರ್ಲ್ಯಾಂಡ್ ಅದನ್ನು ಎರಡು ಬೆರಳಲ್ಲಿ ಹಿಡಿದು, "ಇದು ಕಾರ್ಡಾ, ಚಹಾದ ಜೊತೆ ಕೊಡೋ ಬಿಸ್ಕತ್ತಾ?" ಎಂದ. ಬಿಸ್ಕತ್ತು ಸದ್ದಿಲ್ಲದೆ ತನ್ನ ಸಂದಿಯಲ್ಲಿ ಹೋಗಿ ಕೂತಿತು. ಕತ್ತರಿಸಿದ ಗೋಡೆಗೆ ಲೋರೆಟ್ಟಾ ರಟ್ಟು ಅಂಟಿಸಿದಳು. ವಿಮಾನ ಓಡಿತು, ಮೂತಿ ಎತ್ತಿತು, ಗಾಲಿ ನೆಲ ಬಿಟ್ಟಿತು, ಮತ್ತೆ ಹಾರುತ್ತಲೇ ಇತ್ತು! ಹುಲ್ಲಿನ ಎಸಳು ಕಾಣಿಸಲಿಲ್ಲ, ಮರಗಳು ಸ್ವಲ್ಪ ಕೋಸುಗಡ್ಡೆಯ ಹಾಗಿದ್ದವು. ಇರಲಿ. ಆಂಬ್ರೋಸ್ ಮನೆಯ ಸುತ್ತ ಒಂದು ಸುತ್ತು ಹಾಕಿ, "ಇನ್ನು ನೋಡ್ತಾ ಇರು ನನ್ನ ಹಾರಾಟ!" ಎಂದ.

"ಅದನ್ನ ಮದುವೆ ಆದಾಗಿನಿಂದ ನೋಡ್ತಿದ್ದೀನಿ," ಎಂದಳು ಲೋರೆಟ್ಟಾ.

ಸಮ್ಮೇಳನದ ದಿನ ಬಂತು. ಜೊತೆಗೆ ಮಂಜೂ ಬಂತು. ಅಂಥಿಂಥ ಮಂಜಲ್ಲ, ಕಟ್ಟೆಯಲ್ಲಿ ನಿಂತವನಿಗೆ ತನ್ನ ದೋಣಿ ಕಾಣಿಸದು, ದೋಣಿಯಲ್ಲಿ ಕೂತವನಿಗೆ ತನ್ನ ಬೂಟು ಕಾಣಿಸದು. ದೂರದೂರದಿಂದ ಬಂದವರೆಲ್ಲ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕಾದರು. ಮಧ್ಯಾಹ್ನಕ್ಕೆ ದೋಣಿಯವರು ಇವತ್ತು ಆಗದು ಎಂದು ಕೈ ಆಡಿಸಿಬಿಟ್ಟರು. ಆಗ ಕ್ಲೆಮೆಂಟ್ ಪವರ್ ಗುಡ್ಡ ಹತ್ತಿ ಬಂದು ಬಾಗಿಲು ತಟ್ಟಿದ. ಅವನ ಬೆನ್ನಿಗೆ ಮಂಜಿನೊಳಗಿಂದ ಒಂದೊಂದೇ ಟೋಪಿ, ಒಂದೊಂದೇ ಕೋಲು ಮೂಡಿ ಬಂತು.

"ಆಂಬ್ರೋಸ್, ನಿನ್ನ ವಿಮಾನಕ್ಕೂ ಮಂಜು ಅಡ್ಡ ಬರುತ್ತೇನಪ್ಪ?"

"ಇಲ್ಲ ಅಜ್ಜ," ಎಂದ ಆಂಬ್ರೋಸ್. "ನನ್ನ ವಿಮಾನದಲ್ಲಿ ಮಂಜು ಆರಿಸೋಕೆ ಒಂದು ಗುಂಡಿ ಇದೆ."

ಅಡುಗೆಮನೆ ತುಂಬಿತು. ಎಲ್ಲರಿಗಿಂತ ಮುಂದೆ ದಿಂಬು ಹಾಕಿದ ಕುರ್ಚಿಯಲ್ಲಿ ಲೋರೆಟ್ಟಾ. ಆಂಬ್ರೋಸ್ ಗುಂಡಿ ಒತ್ತಿದ. ಕಿಟಕಿಯಲ್ಲಿ ಬೂದು ಬಣ್ಣ ಹಾಗೆಯೇ ಉಳಿಯಿತು. ತೆರೆಯ ಮೇಲೆ ಕೊಲ್ಲಿ ಇಡಿಯಾಗಿ ನೀಲಿಯಾಗಿ ತೆರೆದುಕೊಂಡಿತು. ವಿಮಾನ ನೀರಿನ ಮೇಲೆ ತೇಲಿಕೊಂಡು ಹೋಯಿತು, ಬೇಸಿಗೆಯ ನಿದ್ದೆಯಲ್ಲಿ ಹೋದ ಹಾಗೆ. ದೂರದಲ್ಲಿ ಒಂದು ಹಸಿರು ಚುಕ್ಕೆ ಕಾಣಿಸಿತು. ದೊಡ್ಡದಾಯಿತು. ಮಗ್ಗುಲಾಗಿ ಮಲಗಿದ ಸೀಲ್ ಪ್ರಾಣಿಯ ಆಕಾರ ತಳೆಯಿತು.

"ಅದೇ," ಎಂದಳು ಲೋರೆಟ್ಟಾ.

ಅಲ್ಲಿ ಏನೂ ಇರಲಿಲ್ಲ. ಬಿಸ್ಕತ್ತಿನ ಕಾರ್ಡು ಏನನ್ನೂ ಬಚ್ಚಿಟ್ಟಿರಲಿಲ್ಲ. ನಿಜವಾದ ದ್ವೀಪದಲ್ಲೂ ಹುಲ್ಲು ಬಂಡೆ ಬಿಟ್ಟರೆ ಉಳಿದದ್ದು ಕೆಲವು ಗೋರಿಗಳಷ್ಟೇ. ಆದರೂ ಮುದಿ ಬೆರಳುಗಳು ಒಂದೊಂದಾಗಿ ತೆರೆಯ ಕಡೆ ಚಾಚಿಕೊಂಡವು. "ಅದೋ ನಮ್ಮ ಗೇಟು." "ಅಲ್ಲಿ ಶಾಲೆ." "ಅಲ್ಲಲ್ಲ, ಶಾಲೆ ಇತ್ಲಾಗೆ, ಅದು ನಮ್ಮ ಮೀನು ಒಣಗಿಸೋ ಅಟ್ಟ." ಬರೀ ಹಸಿರಿನ ಮೇಲೆ ಒಂದು ಊರು ಎದ್ದು ನಿಂತಿತು, ಕಾಣಿಸುತ್ತಿದ್ದದ್ದು ಅವರಿಗೆ ಮಾತ್ರ. ಲೋರೆಟ್ಟಾ ಕೈ ಚಾಚಲಿಲ್ಲ. "ನಿಧಾನ, ಚಿನ್ನ," ಎಂದಳು, "ಇನ್ನೊಂದು ಸುತ್ತು ಹಾಕು."

ಅವಳು ಅವನನ್ನು ಚಿನ್ನ ಎಂದು ಕರೆದು ಎಷ್ಟೋ ಕಾಲವಾಗಿತ್ತು. ಆಂಬ್ರೋಸ್ ಸುತ್ತು ಹಾಕಿದ. ಮತ್ತೊಂದು ಹಾಕಿದ.

"ಈಗ ಇಳಿಸು. ಆ ಸಣ್ಣ ಕೊಲ್ಲಿ ಇದೆಯಲ್ಲ, ಅದರ ಪಕ್ಕ. ನಮ್ಮ ಮನೆ ಇದ್ದ ಕಡೆ."

ಇಳಿಸುವ ವಿದ್ಯೆಯನ್ನು ಆಂಬ್ರೋಸ್ ಅಷ್ಟಾಗಿ ಅಭ್ಯಾಸ ಮಾಡಿರಲಿಲ್ಲ. ಆದರೆ ಮನೆ ತುಂಬ ಜನ, ಕಿವಿಯಲ್ಲಿ ಇನ್ನೂ 'ಚಿನ್ನ'! ಅವನು ಎದೆಯುಬ್ಬಿಸಿದ. "ಮಾನ್ಯ ಪ್ರಯಾಣಿಕರ ಗಮನಕ್ಕೆ! ಇನ್ನು ಕೆಲವೇ ಕ್ಷಣಗಳಲ್ಲಿ ನಾವು ಲಿಟಲ್ ಗ್ಯಾನೆಟ್..."

ಬಂಡೆ ಬಂತು. ಆಂಬ್ರೋಸ್ ಕೋಲನ್ನು ಎಡಕ್ಕೆ ಎಳೆದ, ಬಲಕ್ಕೆ ಎಳೆದ, ಕೊನೆಗೆ ಕಣ್ಣು ಮುಚ್ಚಿಕೊಂಡು ಎಳೆದ. ವಿಮಾನ ಒಂದು ಲಾಗ ಹಾಕಿ, ತಲೆಕೆಳಗಾಗಿ, ಕೊಲ್ಲಿಯ ನಟ್ಟನಡುವೆ ಧುಮುಕಿತು. ಟಪ್ ಎನ್ನಲಿಲ್ಲ, ಕತ್ತಲಾಗಲಿಲ್ಲ. ಪುಟ್ಟ ಕಾರ್ಡು ಒಂದು ಅಲೆಯನ್ನೂ ಬಿಡದೆ, ಬಹಳ ನಿಷ್ಠೆಯಿಂದ, ಮುಳುಗುವುದನ್ನು ಕೊನೆಯವರೆಗೂ ತೋರಿಸಿತು.

ಎಲ್ಲರ ಕಣ್ಣೂ ಲೋರೆಟ್ಟಾಳ ಕಡೆ ಹೊರಳಿತು.

ಲೋರೆಟ್ಟಾ ಕಣ್ಣೊರೆಸಿಕೊಂಡಳು. ಅತ್ತದ್ದೋ ನಕ್ಕದ್ದೋ ಗೊತ್ತಾಗಲಿಲ್ಲ. "ಇದೇ ನೀರು," ಎಂದಳು. "ಊರು ಬಿಡೋವಾಗ ನಮ್ಮಪ್ಪ ಮನೆ ಸುತ್ತ ಖಾಲಿ ಪೀಪಾಯಿ ಕಟ್ಟಿ, ಇಡೀ ಮನೇನೇ ಇದೇ ನೀರಿನ ಮೇಲೆ ತೇಲಿಸ್ಕೊಂಡು, ಪುಟ್ಟ ದೋಣೀಲಿ ಎಳ್ಕೊಂಡು ಈಚೆ ದಡಕ್ಕೆ ತಂದ. ಈಗ ನೀವೆಲ್ಲ ಕೂತಿದ್ದೀರಲ್ಲ, ಇದೇ ಮನೆ. ಅಮ್ಮನ ಪಿಂಗಾಣಿ ಕಪ್ಪುಗಳ ಕಪಾಟು ಒಳಗೇ ಇತ್ತು. ಒಂದು ಕಪ್ಪೂ ಒಡೀಲಿಲ್ಲ. ನೀನು ಕುರ್ಚೀಲಿ ಕೂತ್ಕೊಂಡು, ಗಾಳಿಯಿಲ್ಲ, ಮಂಜಿಲ್ಲ, ಒಂದು ವಿಮಾನ ದಡ ಸೇರಿಸೋಕಾಗ್ಲಿಲ್ವಲ್ಲೋ ಆಂಬ್ರೋಸ್!"

ಛಾವಣಿ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಕ್ಲೆಮೆಂಟ್ ಪವರ್ ನಕ್ಕು ನಕ್ಕು ಕೆಮ್ಮಿದ, ಗಾರ್ಲ್ಯಾಂಡ್ ಅವನ ಬೆನ್ನು ತಟ್ಟಿದ. ಸಮುದ್ರದಲ್ಲಿ ಬಿದ್ದ ವೈಮಾನಿಕನಿಗೆ ಮಾಡಲು ಉಳಿದದ್ದು ಒಂದೇ. ಅವನು ಮೆಲ್ಲಗೆ ಎದ್ದು ಕೆಟಲ್ ಒಲೆಯ ಮೇಲಿಟ್ಟು, ಎಲ್ಲರಿಗೂ ಚಹಾ ಮಾಡೋಣವೆಂದು ಕಪಾಟಿನ ಬಾಗಿಲು ತೆರೆದು ಕೈ ಹಾಕಿದ.

"ಜೋಪಾನ," ಎಂದಳು ಲೋರೆಟ್ಟಾ, ಹಿಂತಿರುಗಿ ನೋಡದೆ. "ಅವೇ ಕಪ್ಪುಗಳು."